ಕಾರ್ ರೇಡಿಯೋ ತಾನೇ ಸ್ಟೇಷನ್ ಬದಲಿಸುತ್ತಿತ್ತು: ನಾನು ಕಾರಣ ಹುಡುಕಿದ ಬಗೆ

ಹಾಡು ಅರ್ಧಕ್ಕೆ ಬಂದಿರುತ್ತದೆ, ರೇಡಿಯೋ ಥಟ್ಟನೆ ಬೇರೆ ಸ್ಟೇಷನ್‌ಗೆ ಹಾರುತ್ತದೆ. ವಾಪಸ್ ತಂದರೆ ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಕಥೆ. ನನ್ನ ಕಾರಿನಲ್ಲಿ ಇದು ಶುರುವಾದಾಗ ಎಲ್ಲರೂ ಹೇಳಿದ್ದು ಒಂದೇ ಮಾತು: ಸೆಟ್ ಹೋಗಿದೆ, ಹೊಸದು ಹಾಕಿಸು. ನಾನು ಹಾಕಿಸಲಿಲ್ಲ. ಸೆಟ್ಟಿಗೆ ಏನೂ ಆಗಿರಲೂ ಇಲ್ಲ. ಹೊಸದು ಹಾಕಿಸಿದ್ದರೆ ಅದೂ ಹೀಗೇ ಹಾರುತ್ತಿತ್ತು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಸ್ವಲ್ಪ ದಿನ ಸುಮ್ನೆ ಗಮನಿಸಿದೆ. ನೋಡಬೇಕಾದ್ದು ಎರಡೇ. ಸ್ಟೇಷನ್ ಬದಲಾದಾಗ ಸ್ಕ್ರೀನ್ ಮೇಲಿನ ನಂಬರ್ ಬದಲಾಯಿತಾ? ಕೇಳುತ್ತಿದ್ದ ಕಾರ್ಯಕ್ರಮ ಬದಲಾಯಿತಾ? ಈ ಎರಡು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ.

ನಂಬರ್ ಹಾಗೇ ಇದ್ದು ಕಾರ್ಯಕ್ರಮ ಮಾತ್ರ ಬದಲಾದರೆ ರೇಡಿಯೋ ಏನೂ ಮಾಡಿಲ್ಲ ಅಂತಲೇ ಅರ್ಥ. ಒಂದೇ ಫ್ರೀಕ್ವೆನ್ಸಿಯಲ್ಲಿ ದೂರದ ಇನ್ನೊಂದು ಊರಿನ ಸ್ಟೇಷನ್ ಇರುತ್ತದೆ. ಎಫ್‌ಎಂ ರಿಸೀವರ್‌ಗೆ ಒಂದು ಗುಣ ಇದೆ. ಎರಡು ಸಿಗ್ನಲ್ ಒಟ್ಟಿಗೆ ಬಂದರೆ ಜೋರಾಗಿರುವುದನ್ನು ಹಿಡಿದುಕೊಂಡು ಇನ್ನೊಂದನ್ನು ಹೆಚ್ಚುಕಡಿಮೆ ಪೂರ್ತಿ ಅಡಗಿಸಿಬಿಡುತ್ತದೆ. ಹಾಗಾಗಿ ಎರಡು ಊರುಗಳ ನಡುವಿನ ರಸ್ತೆಯಲ್ಲಿ ಒಂದು ಗುಡ್ಡ ದಾಟಿದರೆ ಸಾಕು, ಒಂದು ಸ್ಟೇಷನ್ ಹೋಗಿ ಇನ್ನೊಂದು ಬಂದಿರುತ್ತದೆ. ಪಕ್ಕದ ಕಾರಿನವರು ಮೊಬೈಲ್ ಹಾಡು ಕೇಳಲು ಸಿಗರೇಟ್ ಲೈಟರ್ ಸಾಕೆಟ್ಟಿಗೆ ಚುಚ್ಚುವ ಪುಟ್ಟ ಎಫ್‌ಎಂ ಟ್ರಾನ್ಸ್‌ಮಿಟರ್ ಇಟ್ಟುಕೊಂಡಿದ್ದರೂ ಹೀಗಾಗಬಹುದು. ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಅವರ ಹಾಡು ನಮ್ಮ ಕಾರಿಗೆ ಬಂದು, ಹಸಿರು ಬಿದ್ದ ಮೇಲೆ ಮಾಯವಾಗುತ್ತದೆ. ಇದಕ್ಕೆ ರಿಪೇರಿ ಇಲ್ಲ.

ನಂಬರ್ ಬದಲಾಗಿ ಕಾರ್ಯಕ್ರಮ ಅದೇ ಇದ್ದರೆ ಅದು ಆರ್‌ಡಿಎಸ್, ಅಂದರೆ ಪ್ರಸಾರದ ಜೊತೆ ಬರುವ ಡೇಟಾ, ಮಾಡಿಸುವ ಕೆಲಸ. ಒಂದೊಂದು ಸಲ ಅದು ಕಾರ್ಯಕ್ರಮವನ್ನೂ ಬದಲಿಸಬಹುದು, ಅದನ್ನು ಮುಂದೆ ಹೇಳುತ್ತೇನೆ. ನಂಬರೂ ಬದಲಾಗಿ ಕಾರ್ಯಕ್ರಮವೂ ಬದಲಾದರೆ ಸಾಮಾನ್ಯವಾಗಿ ಯಾರೋ ಸೀಕ್ ಬಟನ್ (ಮುಂದಿನ ಅಥವಾ ಹಿಂದಿನ ಸ್ಟೇಷನ್ ಹುಡುಕುವ ಬಟನ್) ಒತ್ತಿದ್ದಾರೆ, ಅಥವಾ ಒತ್ತಿದ್ದಾರೆ ಅಂತ ಸೆಟ್ಟಿಗೆ ಅನಿಸಿದೆ.

ನನ್ನ ಕಾರಿನಲ್ಲಿ ಈ ಕೊನೆಯ ಎರಡೂ ಇದ್ದವು. ಅದಕ್ಕೇ ಮೊದಮೊದಲು ತಲೆಬುಡ ಗೊತ್ತಾಗುತ್ತಿರಲಿಲ್ಲ. ಊರು ಬಿಟ್ಟು ದೂರ ಹೋದಾಗ ಒಂದು ಥರ ಹಾರುತ್ತಿತ್ತು. ಮನೆ ಮುಂದೆ ನಿಲ್ಲಿಸಿದ್ದಾಗಲೂ ಇನ್ನೊಂದು ಥರ ಹಾರುತ್ತಿತ್ತು. ಎರಡನ್ನೂ ಒಂದೇ ರೋಗ ಅಂದುಕೊಂಡು ಹುಡುಕಿದರೆ ಯಾವ ಔಷಧಿಯೂ ಪೂರ್ತಿ ಹಿಡಿಯುವುದಿಲ್ಲ.

ಸುಲಭದ್ದನ್ನು ಮೊದಲು ಹಿಡಿದೆ. ಆರ್‌ಡಿಎಸ್ ಅಂದರೆ ಎಫ್‌ಎಂ ಪ್ರಸಾರದ ಜೊತೆಗೇ ಬರುವ ಸಣ್ಣ ಡೇಟಾ. ಸ್ಟೀರಿಯೋಗಾಗಿ ಕಳಿಸುವ 19 ಕಿಲೋಹರ್ಟ್ಸ್ ಪೈಲಟ್ ಟೋನಿನ ಮೂರು ಪಟ್ಟು, ಅಂದರೆ 57 ಕಿಲೋಹರ್ಟ್ಸ್‌ನಲ್ಲಿ ಅದು ಕೂತಿರುತ್ತದೆ. ವೇಗ ಸೆಕೆಂಡಿಗೆ ಬರೀ 1187.5 ಬಿಟ್. ಅಷ್ಟರಲ್ಲೇ ಸ್ಟೇಷನ್ನಿನ 8 ಅಕ್ಷರದ ಹೆಸರು, ಅದರ ಗುರುತಿನ ಕೋಡ್, ಅದೇ ಕಾರ್ಯಕ್ರಮ ಇನ್ಯಾವ ಫ್ರೀಕ್ವೆನ್ಸಿಗಳಲ್ಲಿ ಬರುತ್ತದೆ ಎಂಬ ಪಟ್ಟಿ ಎಲ್ಲ ಬರುತ್ತದೆ. ಸೆಟ್ಟಿನಲ್ಲಿ ಎಎಫ್ ಆನ್ ಇದ್ದರೆ, ಸಿಗ್ನಲ್ ಕುಗ್ಗಿದಾಗ ಆ ಪಟ್ಟಿ ನೋಡಿ, ಗುರುತಿನ ಕೋಡ್ ತಾಳೆ ಹಾಕಿ, ಚೆನ್ನಾಗಿ ಸಿಗುವ ಫ್ರೀಕ್ವೆನ್ಸಿಗೆ ಹೋಗುತ್ತದೆ. ಇದು ದೋಷ ಅಲ್ಲ, ಒಳ್ಳೆಯ ಸೌಲಭ್ಯ. ಆದರೆ ಅದರ ಪಕ್ಕದಲ್ಲೇ ರೆಗ್ ಅಂತ ಇನ್ನೊಂದು ಆಯ್ಕೆ ಇರುತ್ತದೆ. ಅದು ಆಫ್ ಇದ್ದರೆ ಸೆಟ್ಟು ಒಂದೇ ಜಾಲದ ಬೇರೆ ಪ್ರಾದೇಶಿಕ ಸ್ಟೇಷನ್ನಿಗೂ ಹೋಗಬಹುದು. ಆಗ ಹೆಸರು ಹೆಚ್ಚುಕಡಿಮೆ ಅದೇ ಇದ್ದರೂ ಕಾರ್ಯಕ್ರಮ ಬೇರೆ ಆಗಿರುತ್ತದೆ. ನನ್ನ ಸೆಟ್ಟಿನಲ್ಲಿ ಎಎಫ್ ಆನ್, ರೆಗ್ ಆಫ್. ದೂರ ಪ್ರಯಾಣದ ಜಿಗಿತಕ್ಕೆ ಇದೇ ಕಾರಣ.

ಟಿಎ ಎನ್ನುವುದೂ ಆನ್ ಇತ್ತು. ಟ್ರಾಫಿಕ್ ಸುದ್ದಿ ಬಂದಾಗ ಸೆಟ್ಟು ಅದಕ್ಕೆ ಹೋಗಿ, ಮುಗಿದ ಮೇಲೆ ತಾನೇ ವಾಪಸ್ ಬರುವ ವ್ಯವಸ್ಥೆ ಅದು. ಕೆಲವು ಸೆಟ್ಟುಗಳಲ್ಲಿ ಆ ಹೊತ್ತಿಗೆ ಸೌಂಡೂ ಜಾಸ್ತಿ ಆಗುತ್ತದೆ. ಗೊತ್ತಿಲ್ಲದವರಿಗೆ ಗಾಬರಿಯೇ. ಎಎಫ್, ಟಿಎ ಎರಡನ್ನೂ ಸದ್ಯಕ್ಕೆ ಆಫ್ ಮಾಡಿದೆ. ದೂರ ಹೋದಾಗಿನ ಜಿಗಿತ ನಿಂತಿತು. ಮನೆ ಮುಂದಿನದು ನಿಲ್ಲಲಿಲ್ಲ.

ಈಗ ಉಳಿದದ್ದು ಅಸಲಿ ರೋಗ. ಇಲ್ಲಿ ನನಗೆ ತುಂಬಾ ಉಪಯೋಗಕ್ಕೆ ಬಂದ ಪರೀಕ್ಷೆಗೆ ಯಾವ ಸಾಮಾನೂ ಬೇಡ. ರೇಡಿಯೋ ಬಿಟ್ಟು ಪೆನ್‌ಡ್ರೈವ್‌ನಿಂದ ಹಾಡು ಹಾಕಿ. ಬಹುತೇಕ ಸೆಟ್ಟುಗಳಲ್ಲಿ ಸೀಕ್ ಬಟನ್ನೇ ಮುಂದಿನ ಹಾಡಿನ ಬಟನ್. ಹಾಡೂ ತಾನಾಗಿ ಮುಂದಕ್ಕೆ ಹಾರಿದರೆ ಆಂಟೆನಾ, ಟ್ಯೂನರ್, ಸಿಗ್ನಲ್ ಇವುಗಳ ಮೇಲಿನ ಅನುಮಾನ ಬಿಡಬಹುದು. ನನ್ನದು ಹಾರಿತು. ಅದೂ ಪ್ರತಿ ಸಲ ಮುಂದಕ್ಕೇ, ಹಿಂದಕ್ಕೆ ಯಾವತ್ತೂ ಇಲ್ಲ. ಅಪರೂಪಕ್ಕೆ ಸೌಂಡ್ ಒಂದೆರಡು ಮೆಟ್ಟಿಲು ಇಳಿಯುತ್ತಿತ್ತು. ಮಳೆ ಬಂದ ಮರುದಿನ ಬೆಳಿಗ್ಗೆ ಕಾಟ ಜಾಸ್ತಿ, ಬಿಸಿಲೇರಿದ ಮೇಲೆ ಕಮ್ಮಿ. ಈ ಕೊನೆಯ ವಿಷಯವನ್ನು ಯಾರಾದರೂ ಹೇಳಿದರೆ ನಾನು ತಕ್ಷಣ ತೇವದ ಕಡೆ ಕೈ ತೋರಿಸುತ್ತೇನೆ. ಎಲೆಕ್ಟ್ರಾನಿಕ್ಸ್‌ಗೆ ಬೆಳಿಗ್ಗೆ, ಸಂಜೆ ಅಂತ ಭೇದ ಇಲ್ಲ. ತೇವಕ್ಕೆ, ಬಿಸಿಗೆ ಇದೆ.

ಸೆಟ್ಟಿಗೆ ಕರೆಂಟ್ ಸರಿಯಾಗಿ ಬರುತ್ತಿಲ್ಲವೇ ಎಂಬ ಪ್ರಶ್ನೆಯನ್ನು ಬೇಗ ದಾಟಿದೆ. ಕರೆಂಟ್ ಕಡಿದು ಕಡಿದು ಬಂದರೆ ಸೆಟ್ ಆರಿ ಹತ್ತಬೇಕು, ಗಡಿಯಾರ ಹಿಂದೆ ಬೀಳಬೇಕು, ಸೇವ್ ಮಾಡಿದ ಸ್ಟೇಷನ್‌ಗಳು ಅಳಿಸಿಹೋಗಬೇಕು. ಹಾಗೇನೂ ಆಗುತ್ತಿರಲಿಲ್ಲ. ಎಂಜಿನ್ ಓಡುವಾಗ ಬ್ಯಾಟರಿ ಮೇಲೆ 14 ವೋಲ್ಟ್ ಆಸುಪಾಸು ಇತ್ತು, ನಿಲ್ಲಿಸಿ ರಾತ್ರಿ ಕಳೆದ ಮೇಲೆ 12.6. ಅಷ್ಟು ಸಾಕು.

ಇನ್ನು ಸೀಕ್ ಒತ್ತುವ ಜಾಗಗಳು ಎಲ್ಲೆಲ್ಲಿ ಇವೆ? ಸೆಟ್ಟಿನ ಮುಖದ ಮೇಲೆ, ಸ್ಟೀರಿಂಗ್ ಮೇಲೆ, ರಿಮೋಟಿನಲ್ಲಿ. ರಿಮೋಟ್ ಡ್ಯಾಶ್‌ಬೋರ್ಡಿನ ಡಬ್ಬದಲ್ಲಿ ಪೇಪರುಗಳ ಕೆಳಗೆ ಸಿಕ್ಕಿಕೊಂಡಿರಬಹುದು, ಹಾಗಾಗಿ ಅದರ ಸೆಲ್ ತೆಗೆದಿಟ್ಟೆ. ಏನೂ ವ್ಯತ್ಯಾಸ ಆಗಲಿಲ್ಲ. ಮುಖದ ಬಟನ್‌ಗಳು ಒತ್ತಿದರೆ ಟಕ್ ಅಂತ ವಾಪಸ್ ಬರುತ್ತಿದ್ದವು. ಉಳಿದದ್ದು ಸ್ಟೀರಿಂಗ್.

ನನ್ನದು ಹೊರಗಿನಿಂದ ಹಾಕಿಸಿದ ಸೆಟ್. ಅದರ ಹಿಂದೆ ಸ್ಟೀರಿಂಗ್ ಬಟನ್ನಿಗಾಗಿ ಕೀ 1, ಕೀ 2 ಎಂಬ ಎರಡು ತೆಳು ವೈರ್ ಬರುತ್ತವೆ. ಸೆಟ್ ಹೊರಗೆಳೆದು ಆ ಎರಡನ್ನು ಮಾತ್ರ ಬಿಡಿಸಿ, ತುದಿಗೆ ಟೇಪ್ ಸುತ್ತಿ, ಮತ್ತೆ ಒಳಗೆ ಕೂರಿಸಿದೆ. ಕಂಪನಿಯಿಂದಲೇ ಬಂದ ಸೆಟ್ಟಾದರೆ ಬಿಚ್ಚುವ ಮೊದಲು ಅದರ ಕೋಡ್ ಕೈಯಲ್ಲಿರಲಿ. ಕರೆಂಟ್ ತಪ್ಪಿದ ಮೇಲೆ ಕೋಡ್ ಕೊಡದೆ ಏಳದ ಸೆಟ್ಟುಗಳಿವೆ. ವೈರ್ ಬಿಡಿಸಿದ ಮೇಲೆ ಮಳೆ ಬಂದರೂ ರೇಡಿಯೋ ಒಂದು ಸಲವೂ ಹಾರಲಿಲ್ಲ. ಮತ್ತೆ ಸಿಕ್ಕಿಸಿದರೆ ಹಳೇ ಚಾಳಿ. ಹೊಸ ಸೆಟ್ ಹಾಕಿಸಿದ್ದರೂ ಇದೇ ವೈರ್‌ಗೆ ಸೇರಿಸುತ್ತಿದ್ದರು ಅಲ್ವಾ?

ಸ್ಟೀರಿಂಗ್ ಮೇಲೆ ಅಷ್ಟೊಂದು ಬಟನ್ ಇದ್ದು, ಎರಡೇ ವೈರ್ ಹೇಗೆ ಸಾಕಾಗುತ್ತದೆ? ಪ್ರತಿ ಬಟನ್ನಿಗೂ ಬೇರೆ ಬೇರೆ ಬೆಲೆಯ, ಅಂದರೆ ಬೇರೆ ಬೇರೆ ಓಮ್‌ನ, ರೆಸಿಸ್ಟರ್ (ಕರೆಂಟ್ ತಡೆಯುವ ಪುಟ್ಟ ಬಿಡಿಭಾಗ) ಇರುತ್ತದೆ. ಸೆಟ್ಟು ವೈರ್ ಮೇಲೆ ಸಣ್ಣ ವೋಲ್ಟೇಜ್ ಇಟ್ಟು ಕಾಯುತ್ತಿರುತ್ತದೆ. ಬಟನ್ ಒತ್ತಿದಾಗ ಆ ರೆಸಿಸ್ಟರ್ ಮೂಲಕ ವೈರ್ ಅರ್ಥ್‌ಗೆ ಸೇರಿ ವೋಲ್ಟೇಜ್ ಇಳಿಯುತ್ತದೆ. ಎಷ್ಟು ಇಳಿಯಿತು ಎಂಬುದೇ ಯಾವ ಬಟನ್ ಎಂಬುದರ ಗುರುತು. ಲೆಕ್ಕಕ್ಕೆ ಒಂದು ಉದಾಹರಣೆ: ಸೆಟ್ಟಿನೊಳಗೆ 5 ವೋಲ್ಟಿಗೆ 1 ಕಿಲೋ ಓಮ್ ಇದ್ದು, ಬಟನ್ನಿನಲ್ಲಿ 330 ಓಮ್ ಇದ್ದರೆ ವೈರ್ ಮೇಲೆ ಸುಮಾರು 1.24 ವೋಲ್ಟ್ ಕಾಣುತ್ತದೆ. ಅದೇ ಬಟನ್ನಿನಲ್ಲಿ 3.3 ಕಿಲೋ ಓಮ್ ಇದ್ದರೆ 3.84.

ಬರೀ ಮುಂದಕ್ಕೇ ಯಾಕೆ ಹಾರುತ್ತಿತ್ತು ಎಂಬುದು ಇಲ್ಲಿ ಅರ್ಥವಾಗುತ್ತದೆ. ಬಟನ್ ಒಳಗೆ ತೇವ, ಜಿಡ್ಡು ಸೇರಿದರೆ ಯಾರೂ ಒತ್ತದಿದ್ದರೂ ಸ್ವಲ್ಪ ಕರೆಂಟ್ ಸೋರುತ್ತದೆ. ಆ ಸೋರಿಕೆ ಶುರುವಿನಲ್ಲಿ ತುಂಬಾ ಸಣ್ಣದು, ಅಂದರೆ ದೊಡ್ಡ ರೆಸಿಸ್ಟರ್ ಇದ್ದ ಹಾಗೆ. ಸೋರಿಕೆ ಹೆಚ್ಚಿದಂತೆ ಬೆಲೆ ಮೇಲಿನಿಂದ ಕೆಳಗೆ ಇಳಿಯುತ್ತಾ ಬರುತ್ತದೆ. ದಾರಿಯಲ್ಲಿ ಮೊದಲು ಸಿಗುವುದು ಎಲ್ಲಕ್ಕಿಂತ ದೊಡ್ಡ ರೆಸಿಸ್ಟರ್ ಇರುವ ಬಟನ್. ನನ್ನ ಕಾರಿನಲ್ಲಿ ಅದು ಸೀಕ್ ಮುಂದಕ್ಕೆ. ಅದರ ನಂತರದ್ದು ಸೌಂಡ್ ಇಳಿಸುವುದು. ಮಲ್ಟಿಮೀಟರ್ ಹಿಡಿದು ಒಂದೊಂದೇ ಬಟನ್ ಒತ್ತಿ ಬೆಲೆ ಬರೆದುಕೊಂಡಾಗ ಈ ಕ್ರಮ ಕಣ್ಣಿಗೆ ಬಿತ್ತು. ಈ ಇಡೀ ಕೆಲಸದಲ್ಲಿ ನನಗೆ ಹೆಚ್ಚು ಖುಷಿ ಕೊಟ್ಟ ಗಳಿಗೆ ಅದೇ.

ಅಳತೆಗೆ ವೈರ್ ಸೆಟ್ಟಿನಿಂದ ಬಿಡಿಸಿರಬೇಕು. ಒಂದು ಕಡ್ಡಿ ಕೀ ವೈರಿಗೆ, ಇನ್ನೊಂದು ಅರ್ಥ್‌ಗೆ. ನನ್ನ ಕಾರಿನಲ್ಲಿ ಏನೂ ಒತ್ತದಿದ್ದಾಗ ಮೀಟರ್ ಏನನ್ನೂ ತೋರಿಸಬಾರದು. ಬಿಸಿಲಿದ್ದಾಗ ತೋರಿಸಲಿಲ್ಲ. ತಣ್ಣನೆ ಬೆಳಿಗ್ಗೆ ಕೆಲವು ಕಿಲೋ ಓಮ್ ತೋರಿಸಿ, ಅಲ್ಲೂ ನಿಲ್ಲದೆ ಓಲಾಡುತ್ತಿತ್ತು. ಕೆಲವು ಕಾರುಗಳಲ್ಲಿ ಒತ್ತದಿದ್ದಾಗಲೂ ಒಂದು ನಿಗದಿ ಬೆಲೆ ಇರುತ್ತದೆ. ಅಲ್ಲಿ ಅದು ಸ್ಥಿರವಾಗಿದೆಯಾ ಅಂತ ನೋಡಬೇಕು.

ಸ್ಟೀರಿಂಗ್ ಚಕ್ರದ ಹಿಂದೆ ಕ್ಲಾಕ್ ಸ್ಪ್ರಿಂಗ್ ಅಂತ ಇದೆ. ಸುರುಳಿ ಸುತ್ತಿದ ಚಪ್ಪಟೆ ವೈರ್ ಅದು. ಚಕ್ರ ತಿರುಗಿದರೂ ಹಾರ್ನ್, ಏರ್‌ಬ್ಯಾಗ್, ಬಟನ್‌ಗಳ ಕನೆಕ್ಷನ್ ಕಡಿಯದಂತೆ ನೋಡಿಕೊಳ್ಳುತ್ತದೆ. ಅದು ಹೋಗಿದೆಯಾ ಅಂತ ತಿಳಿಯಲು ಮೀಟರ್ ಹಚ್ಚಿಟ್ಟು ಚಕ್ರವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನ ತಿರುಗಿಸಿದೆ. ತಿರುವಿಗೂ ಮೀಟರಿಗೂ ಸಂಬಂಧ ಕಾಣಲಿಲ್ಲ. ಸೀಕ್ ಬಟನ್ನಿನ ಅಂಚನ್ನು ಬೆರಳಿನಿಂದ ಸ್ವಲ್ಪ ಅಲುಗಿಸಿದರೆ ಮಾತ್ರ ಮುಳ್ಳು ಕುಣಿಯಿತು. ತಿರುವಿನಲ್ಲಿ ಮಾತ್ರ ಸ್ಟೇಷನ್ ಹಾರುತ್ತಿದ್ದರೆ, ಜೊತೆಗೆ ಹಾರ್ನ್ ಕೈ ಕೊಡುತ್ತಿದ್ದರೆ, ಏರ್‌ಬ್ಯಾಗ್ ದೀಪವೂ ಹತ್ತಿದ್ದರೆ ಕ್ಲಾಕ್ ಸ್ಪ್ರಿಂಗ್ ಮೇಲೆ ಅನುಮಾನ ಪಡಿ. ಆಗ ಅದು ರೇಡಿಯೋ ವಿಷಯವೇ ಅಲ್ಲ. ತಡ ಮಾಡದೆ ತೋರಿಸಬೇಕು.

ಒಂದು ಎಚ್ಚರಿಕೆ. ಸ್ಟೀರಿಂಗ್ ಹತ್ತಿರ ಹಳದಿ ಬಣ್ಣದ ಕನೆಕ್ಟರ್ ಕಂಡರೆ ಅದಕ್ಕೆ ಮೀಟರ್ ಹಚ್ಚಬೇಡಿ. ಅದು ಸಾಮಾನ್ಯವಾಗಿ ಏರ್‌ಬ್ಯಾಗಿನದು. ಓಮ್ ಅಳೆಯುವಾಗ ಮೀಟರ್ ತಾನೇ ಸ್ವಲ್ಪ ಕರೆಂಟ್ ಹರಿಸುತ್ತದೆ. ಏರ್‌ಬ್ಯಾಗ್ ಸಿಡಿಸುವ ಮದ್ದಿನ ಹತ್ತಿರ ಆ ಆಟ ಬೇಡ. ನನ್ನ ಕಾರಿನಲ್ಲಿ ಬಟನ್ ಪೆಟ್ಟಿಗೆ ಹೊರಗೆ ಬರಬೇಕಾದರೆ ಏರ್‌ಬ್ಯಾಗ್ ಬಿಚ್ಚಲೇಬೇಕು. ಅಷ್ಟು ಕೆಲಸವನ್ನು ಅದು ಗೊತ್ತಿರುವ ಮೆಕ್ಯಾನಿಕ್‌ಗೇ ಬಿಟ್ಟೆ. ಅವರು ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಕಂಪನಿ ಪುಸ್ತಕದಲ್ಲಿ ಹೇಳಿದಷ್ಟು ಹೊತ್ತು ಕಾದು, ಆಮೇಲೆ ಕೈ ಹಾಕಿದರು.

ಪೆಟ್ಟಿಗೆ ಬಿಚ್ಚಿದರೆ ಒಳಗೆ ಸರಳವಾದ ಸರ್ಕ್ಯೂಟ್ ಬೋರ್ಡ್, ಅದರ ಮೇಲೆ ರಬ್ಬರ್ ಹಾಳೆ, ರಬ್ಬರಿನ ಕೆಳಗೆ ಕರಿಯ ಕಾರ್ಬನ್ ಬಿಲ್ಲೆಗಳು. ಟಿವಿ ರಿಮೋಟ್ ಬಿಚ್ಚಿದವರಿಗೆ ಹೊಸದಲ್ಲ. ಸೀಕ್ ಬಟನ್ ಸುತ್ತ ಅಂಟಂಟು ಪದರ ಇತ್ತು. ಕೈಗೆ ಹಚ್ಚುವ ಸ್ಯಾನಿಟೈಸರ್, ಕ್ರೀಮು, ಬೆವರು ಎಲ್ಲ ಸಂದಿಯಿಂದ ಇಳಿದು ಧೂಳಿನ ಜೊತೆ ಸೇರಿರಬೇಕು. ಇಂಥ ಜಿಡ್ಡು ಗಾಳಿಯ ತೇವ ಹೀರಿಕೊಳ್ಳುತ್ತದೆ. ಬೆಳಗಿನ ಕಾಟದ ಮೂಲ ಅದು.

ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಹತ್ತಿ ಕಡ್ಡಿ ಅದ್ದಿ ಬೋರ್ಡ್ ಒರೆಸಿದೆ. ಕಡ್ಡಿ ಕರಿಯಾಗದೆ ಬರುವವರೆಗೆ ಒರೆಸಬೇಕು. ಕಾರ್ಬನ್ ಬಿಲ್ಲೆಗಳನ್ನು ಮಾತ್ರ ಉಜ್ಜಬಾರದು, ಮೆಲ್ಲಗೆ ಒತ್ತಿ ತೆಗೆದರೆ ಸಾಕು. ಉಜ್ಜಿದರೆ ಕಾರ್ಬನ್ ಎದ್ದು ಬಂದು ಬಟನ್ನೇ ಸತ್ತುಹೋಗುತ್ತದೆ. ಪೆಟ್ರೋಲ್, ಥಿನ್ನರ್ ಹತ್ತಿರ ತರಬೇಡಿ. ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಕೂಡ ಬೇಡ. ಅದು ಹೋಗುವಾಗ ಪದರ ಬಿಟ್ಟು ಹೋಗುತ್ತದೆ, ಧೂಳು ಬಂದು ಅದಕ್ಕೆ ಕೂರುತ್ತದೆ. ಪೂರ್ತಿ ಒಣಗಿಸಿ ಜೋಡಿಸಿದ ಮೇಲೆ ಮೆಕ್ಯಾನಿಕ್ ಏರ್‌ಬ್ಯಾಗ್ ಹಾಕಿದರು. ಇಗ್ನಿಷನ್ ಆನ್ ಮಾಡಿದಾಗ ಏರ್‌ಬ್ಯಾಗ್ ದೀಪ ಹತ್ತಿ ಆರಿತು. ಇದನ್ನು ನೋಡದೆ ಕಾರು ತರಬೇಡಿ.

ಸ್ಟೀರಿಂಗ್ ಬಟನ್ನೇ ಇಲ್ಲದ ಹಳೆಯ ಕಾರಿನವರು ತಿರುಗಿಸುವ ಗುಂಡಿಯ ಮೇಲೆ ಕಣ್ಣಿಡಿ. ನಿಲುಗಡೆ ಇಲ್ಲದೆ ಸುತ್ತುವ ಗುಂಡಿಗಳೊಳಗೆ ಎರಡು ಸ್ವಿಚ್‌ಗಳು ಸ್ವಲ್ಪ ಹಿಂದೆ ಮುಂದೆ ಬಡಿಯುತ್ತಿರುತ್ತವೆ. ಯಾವುದು ಮೊದಲು ಬಡಿಯಿತು ಎಂಬುದರಿಂದ ಸೆಟ್ಟು ದಿಕ್ಕು ತಿಳಿಯುತ್ತದೆ. ಅವು ಸವೆದರೆ ಮುಂದಕ್ಕೆ ತಿರುಗಿಸಿದರೂ ನಂಬರ್ ಹಿಂದಕ್ಕೆ ಹೋಗುತ್ತದೆ, ರಸ್ತೆ ಗುಂಡಿಗೆ ಕುಲುಕಿದಾಗಲೂ 0.1 ಮೆಗಾಹರ್ಟ್ಸ್ ಅತ್ತಿತ್ತ ಸರಿಯುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಸ್ವಲ್ಪ ಕಾಲ ತಡೆಯುತ್ತದೆ, ಆದರೆ ನನ್ನ ಪ್ರಕಾರ ಆ ಬಿಡಿಭಾಗವನ್ನೇ ಬದಲಿಸುವುದು ಮೇಲು. ಟಚ್ ಸ್ಕ್ರೀನ್ ಇರುವವರು ಮೊದಲು ಮೇಲಿನ ಪ್ಲಾಸ್ಟಿಕ್ ಹಾಳೆ ತೆಗೆದು ನೋಡಿ.

ಬಟನ್ ಪೆಟ್ಟಿಗೆ ವಾಪಸ್ ಕೂತ ಮೇಲೆ ಸೆಟ್ಟಿಗೆ ಬಟನ್‌ಗಳನ್ನು ಮತ್ತೆ ಕಲಿಸಬೇಕಾಯಿತು. ಯಾಕೆಂದರೆ ಜಿಡ್ಡಿದ್ದಾಗ ಕಲಿಸಿದ ಬೆಲೆಗಳನ್ನೇ ಅದು ನೆನಪಿಟ್ಟುಕೊಂಡಿತ್ತು. ಒಂದೊಂದು ಬಟನ್ ಒತ್ತಿ ಹಿಡಿದು ಸೇವ್ ಮಾಡುವುದು, ಅಷ್ಟೇ ಕೆಲಸ. ಆಮೇಲೆ ಎಎಫ್ ಮತ್ತೆ ಆನ್ ಮಾಡಿದೆ, ಈ ಸಲ ರೆಗ್ ಜೊತೆಗೆ. ದೂರ ಹೋಗುವಾಗ ಅದು ಬೇಕು. ಟಿಎ ಮಾತ್ರ ಆಫ್‌ನಲ್ಲೇ ಇದೆ.