ಆರಿದ್ರಾ ಮಳೆಯಲ್ಲಿ ಕೆರೆ ಹುಡುಕಿದ್ದು: ಬನವಾಸಿ ಸುತ್ತಲಿನ ನನ್ನ ಅನುಭವ

ಬೇಸಿಗೆಯಲ್ಲಿ ತಿರುಗಾಟ, ಮಳೆಗಾಲದಲ್ಲಿ ಮನೆಯೊಳಗೆ ಕುಳಿತು ಬರವಣಿಗೆ. ಊರಿನ ಚರಿತ್ರೆ ಹುಡುಕುವ ನಮ್ಮಂಥ ಹವ್ಯಾಸಿಗಳೆಲ್ಲರ ಪಂಚಾಂಗ ಇದೇ. ನಾನು ಇದನ್ನು ತಿರುವುಮುರುವು ಮಾಡಿ, ಹೂತುಹೋದ ಹಳೆಯ ಕೆರೆಗಳನ್ನು ಮಳೆಯಲ್ಲೇ ಹುಡುಕುತ್ತೇನೆಂದಾಗ ಬಳಗದಲ್ಲಿ ನಕ್ಕವರೇ ಹೆಚ್ಚು. ಹಿರಿಯ ಪ್ರಾಧ್ಯಾಪಕರೊಬ್ಬರು, "ಮಾಸ್ತರೇ, ಮಳೆಯಲ್ಲಿ ನೆನೆದರೆ ಜ್ವರ ಬರುತ್ತದೆ, ಚರಿತ್ರೆ ಬರುವುದಿಲ್ಲ" ಎಂದರು. ಜ್ವರ ಬಂದದ್ದು ನಿಜ, ಎರಡು ಸಲ. ಆದರೆ ನಾನು ಗೂಟ ಹೊಡೆದು ಬಂದಿದ್ದ ಜಾಗದ ಹತ್ತಿರವೇ ಹೂಳು ತೆಗೆಯುವವರಿಗೆ ತೂಬಿನ, ಅಂದರೆ ಕೆರೆಯಿಂದ ನೀರು ಬಿಡುವ ಕಿಂಡಿಯ, ಕಲ್ಲು ಸಿಕ್ಕಿತು. ಆಮೇಲೆ ಅದೇ ಪ್ರಾಧ್ಯಾಪಕರು ಫೋನ್ ಮಾಡಿ, "ಹೇಗೆ ಹುಡುಕಿದಿರಿ, ಸ್ವಲ್ಪ ಬರೆದು ಕೊಡಿ" ಎಂದರು. ಬರೆಯುತ್ತಿದ್ದೇನೆ. ಪೂರ್ತಿ ಬರೆಯುತ್ತೇನೆ ಎಂದು ಮಾತು ಕೊಟ್ಟಿಲ್ಲ.

ಬನವಾಸಿಯ ಬಗ್ಗೆ ಯಾರೇ ಬರೆದರೂ ಪಂಪನಿಂದ ಶುರು ಮಾಡುತ್ತಾರೆ. ನಾನು ಶುರು ಮಾಡಿದ್ದು ಮಧುಕೇಶ್ವರ ದೇವಸ್ಥಾನದಲ್ಲಿರುವ ಐದು ಹೆಡೆಯ ನಾಗರಕಲ್ಲಿನಿಂದ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ, ಚುಟು ಸಾತಕರ್ಣಿಯ ಕಾಲ, ಅಂದರೆ ಕದಂಬರಿಗೂ ಹಿಂದಿನದು. ಶಿವಸ್ಕಂದನಾಗಶ್ರೀ ಎಂಬ ರಾಜಪುತ್ರಿ ಕೊಟ್ಟ ದಾನ ಅದು, ಕೆತ್ತಿದವನು ನಾಟಕ ಎಂಬ ಶಿಲ್ಪಿ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಅವಳು ಕೊಟ್ಟದ್ದು ನಾಗಶಿಲ್ಪವೊಂದನ್ನೇ ಅಲ್ಲ, ಜೊತೆಗೆ ಒಂದು ವಿಹಾರ ಮತ್ತು ಒಂದು ಕೆರೆ. ನಾಗನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವವರಲ್ಲಿ ಕೆರೆ ಎಲ್ಲಿ ಎಂದು ಕೇಳಿದವರನ್ನು ನಾನು ಕಂಡಿಲ್ಲ.

ಅಲ್ಲಿಂದ ಐದಾರು ಕಿಲೋಮೀಟರ್ ದೂರದ ಗುಡ್ನಾಪುರದಲ್ಲಿ ಕದಂಬ ರವಿವರ್ಮನ ಕಂಬ ಶಾಸನವಿದೆ. ಅದರಲ್ಲಿ ಕಾಮಜಿನಾಲಯವೆಂಬ ಗುಡಿಯ ಜೊತೆ ಕೆರೆಯ ಮಾತು ಬರುತ್ತದೆ. ಅಲ್ಲಿನ ಕೆರೆ ಇವತ್ತಿಗೂ ತುಂಬಿಕೊಂಡಿದೆ, ಚಳಿಗಾಲದಲ್ಲಿ ನೀರುಹಕ್ಕಿಗಳಿಗೂ ಕೊರತೆಯಿಲ್ಲ. ಶಿಕಾರಿಪುರ ತಾಲ್ಲೂಕಿನ ತಾಳಗುಂದಕ್ಕೆ ಹೋದರೆ ಅಲ್ಲಿನ ಸ್ತಂಭದಲ್ಲಿ ಮಯೂರಶರ್ಮ ಕಂಚಿಗೆ ಹೋಗಿ ಅವಮಾನಪಟ್ಟ ಕಥೆಯನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಆ ಶಾಸನ ಹುಟ್ಟಿದ್ದೇ ಕಾಕುಸ್ಥವರ್ಮ ಅಲ್ಲಿ ತೋಡಿಸಿದ ಕೆರೆಯ ಸಲುವಾಗಿ ಎಂಬುದನ್ನು ಮರೆತುಬಿಡುತ್ತೇವೆ. ಶಾಸನ ಬರೆದ ಕುಬ್ಜ ಕವಿ ಅಷ್ಟೆಲ್ಲ ವಂಶ ವರ್ಣಿಸಿ ಕೊನೆಗೆ ಬಂದು ನಿಲ್ಲುವುದು ಕೆರೆಯ ದಡದಲ್ಲಿ. ಒಂದೇ ಸೀಮೆಯ ಮೂರು ಹಳೆಯ ಶಾಸನ, ಮೂರರಲ್ಲೂ ಕೆರೆ. ಹಾಗಾದರೆ ಈ ನಾಡಿನ ಚರಿತ್ರೆಯನ್ನು ಕೋಟೆಗೋಡೆಯ ಬದಲು ನೀರಿನ ಜಾಡು ಹಿಡಿದು ಓದಬೇಕು ಎಂದು ನನಗೆ ಅನ್ನಿಸಿತು. ಅನ್ನಿಸುವುದು ಸುಲಭ, ಹಣ ಕಳೆದುಕೊಳ್ಳುವುದು ಆಮೇಲೆ.

ಮೊದಲ ಮೂರು ಬೇಸಿಗೆ ದಂಡವಾದವು. ಉಪಗ್ರಹ ಚಿತ್ರದಲ್ಲಿ ಕಂಡದ್ದು ಅಡಿಕೆ ತಲೆ, ಅನಾನಸ್ ಸಾಲು, ಶುಂಠಿ ಮಡಿ. ಕೆರೆ ಏರಿಯನ್ನು ತೋರಿಸಬೇಕಾದ ಗೆರೆಗಳನ್ನು ಜೆಸಿಬಿ ಎಂದೋ ಸಮ ಮಾಡಿತ್ತು. ಡ್ರೋನ್ ತರಿಸಿದೆ. ಅರ್ಧ ದಿನಕ್ಕೆ ಒಂಬತ್ತು ಸಾವಿರದ ಹತ್ತಿರ ಆಯಿತು. ಬಂದ ಹುಡುಗ ಹೆಚ್ಚು ಹೊತ್ತು ಹಾರಿಸಿದ್ದು ದೇವಸ್ಥಾನದ ಮೇಲೆ. ಚಿತ್ರ ಚೆನ್ನಾಗಿತ್ತು, ಮಗಳು ಅದನ್ನು ಕ್ಯಾಲೆಂಡರ್ ಮಾಡಿಸಿದಳು. ನನ್ನ ಕೆಲಸಕ್ಕೆ ಒಂದು ಅಂಗುಲವೂ ಬರಲಿಲ್ಲ.

ಎಲ್ಲಕ್ಕಿಂತ ದೊಡ್ಡ ಮುಖಭಂಗ ಇನ್ನೊಂದು. ಕಾಡಂಚಿನಲ್ಲಿ ಸುಮಾರು ಇನ್ನೂರು ಮೀಟರ್ ಉದ್ದದ ತಗ್ಗು ಸಿಕ್ಕಿತು, ಪಕ್ಕದಲ್ಲಿ ಏರಿದ ದಿಬ್ಬ. ಹೊರಗೋಟೆಯ ಕಂದಕವೆಂದೇ ಖಚಿತ ಮಾಡಿಕೊಂಡೆ. ಎರಡು ತಿಂಗಳು ಅಳೆದೆ, ನಕ್ಷೆ ಬರೆದೆ, ಒಂದು ವಿಚಾರ ಸಂಕಿರಣಕ್ಕೆ ಲೇಖನದ ಸಾರಾಂಶವನ್ನೂ ಕಳುಹಿಸಿದೆ. ಒಂದು ದಿನ ಎಮ್ಮೆ ಹೊಡೆದುಕೊಂಡು ಬಂದ ನಾಯ್ಕರು ನನ್ನ ಟೇಪು ನೋಡಿ, "ಏನು ಅಳೆಯುತ್ತಿದ್ದೀರಿ ಮಾಸ್ತರೇ?" ಎಂದರು. ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದು ನಮ್ಮ ಅಪ್ಪ ದನ ಬರಬಾರದೆಂದು ತೆಗೆಸಿದ ಅಗಳ. ನಾನೂ ಬುಟ್ಟಿ ಹೊತ್ತಿದ್ದೇನೆ" ಎಂದರು. ಸಾರಾಂಶ ಹಿಂದಕ್ಕೆ ಪಡೆದೆ. ಆದರೆ ನಾಯ್ಕರನ್ನು ಬಿಡಲಿಲ್ಲ. ಅವತ್ತಿನಿಂದ ಅವರೇ ನನ್ನ ಜೊತೆಗಾರ, ದಿನಕ್ಕೆ ಆರುನೂರು ರೂಪಾಯಿ ಮತ್ತು ಊಟ.

ದಾಖಲೆಯ ತೊಡಕು ಬೇರೆ. ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಬಾಂಬೆ ಪ್ರಾಂತ್ಯಕ್ಕೆ ಹೋಯಿತು, ಪಕ್ಕದ ಸೊರಬ ಮೈಸೂರು ಸಂಸ್ಥಾನದಲ್ಲೇ ಉಳಿಯಿತು. 1956ರವರೆಗೆ ಒಂದೇ ಹಳ್ಳದ ನೀರು ಎರಡು ರಾಜ್ಯದ ಗದ್ದೆಗೆ ಹರಿಯಿತು. ಸೊರಬದ ಶಾಸನಗಳನ್ನು ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ ಎಂಟನೇ ಸಂಪುಟದಲ್ಲಿ ಕೊಟ್ಟರು. ಅವರು ಮೈಸೂರಿನ ಅಧಿಕಾರಿ, ಬನವಾಸಿ ಅವರ ಗಡಿಯಾಚೆ. ಹಾಗಾಗಿ ಗಡಿಯ ಆ ಕಡೆಯ ವೀರಗಲ್ಲಿಗೆ ಸಂಖ್ಯೆ ಸುಲಭವಾಗಿ ಸಿಗುತ್ತದೆ, ಈ ಕಡೆಯದಕ್ಕೆ ಹತ್ತು ಕಡೆ ತಡಕಬೇಕು. ಸರ್ವೆ ಟಿಪ್ಪಣಿಗಳಲ್ಲೂ ಅದೇ ಗೋಳು. ಎರಡೂ ಕಡೆಯ ನಕ್ಷೆಯನ್ನು ಜೋಡಿಸಿದರೆ ಹಳ್ಳ ಗಡಿಯಲ್ಲಿ ಮುರಿದು ಬೀಳುತ್ತದೆ. ಒಮ್ಮೆ ಅರ್ಧ ಕಿಲೋಮೀಟರ್ ಹಳ್ಳವೇ ನನ್ನ ಕಾಗದದಿಂದ ಮಾಯವಾಗಿತ್ತು.

ಮಳೆಯ ಯೋಚನೆ ಹೊಳೆದದ್ದು ಆಮೇಲೆ, ಅದೂ ಹಳೆಯ ನೆನಪಿನಿಂದ. 2019ರ ಆಗಸ್ಟ್ ನೆರೆಯಲ್ಲಿ ವರದೆ ಉಕ್ಕಿ ಗದ್ದೆಬಯಲೆಲ್ಲ ಒಂದೇ ನೀರಾಗಿತ್ತು. ವರದೆ ಹುಟ್ಟುವುದು ಇಕ್ಕೇರಿ ಹತ್ತಿರದ ವರದಾಮೂಲದಲ್ಲಿ. ಬನವಾಸಿಯನ್ನು ಮೂರು ಕಡೆ ಬಳಸಿಕೊಂಡು, ಗಳಗನಾಥದ ಬಳಿ ತುಂಗಭದ್ರೆಗೆ ಸೇರುತ್ತದೆ. ಬೇಸಿಗೆಯಲ್ಲಿ ಮಕ್ಕಳು ದಾಟುವ ಹೊಳೆ ಆ ವಾರ ಊರಿಗೆ ಊರನ್ನೇ ಅಳೆಯುತ್ತಿತ್ತು. ನಾನು ಎತ್ತರದ ಮಕ್ಕಿಗದ್ದೆಯಲ್ಲಿ ನಿಂತು ನೋಡುವಾಗ ಕೆಂಪು ನೀರಿನ ನಡುವೆ ಒಂದು ಹಸಿರು ಗೆರೆ ಬಿಲ್ಲಿನಂತೆ ಬಾಗಿ ಮೇಲೆದ್ದಿತ್ತು. ಆಗ ಅದರ ಫೋಟೊ ಕೂಡ ತೆಗೆಯಲಿಲ್ಲ. ಮೂರು ಬೇಸಿಗೆ ಬೆವರು ಸುರಿಸಿದ ಮೇಲೆ ಒಂದು ರಾತ್ರಿ ಆ ಗೆರೆ ನೆನಪಾಯಿತು. ಗದ್ದೆಯ ಬದು ಹಾಗೆ ಬಾಗುವುದಿಲ್ಲ. ಬಾಗುವುದು ಕೆರೆ ಏರಿ.

ಜೆಸಿಬಿ ಮಣ್ಣನ್ನು ಸಮ ಮಾಡಬಹುದು, ಆದರೆ ನೀರಿಗೆ ಒಂದು ಗೇಣಿನ ವ್ಯತ್ಯಾಸವೂ ಗೊತ್ತಾಗುತ್ತದೆ. ಹಳೆಯ ಕಾಲುವೆ ಮುಚ್ಚಿದ್ದರೂ ಜೋರು ಮಳೆಯಲ್ಲಿ ನೀರು ಅಲ್ಲಿಗೇ ಹೋಗುತ್ತದೆ. ಮೃಗಶಿರಾ ಮಳೆಗೆ ಹೋದರೆ ಪ್ರಯೋಜನವಿಲ್ಲ, ಒಣಗಿದ ನೆಲ ಎಲ್ಲವನ್ನೂ ಕುಡಿದುಬಿಡುತ್ತದೆ. ನಮಗೆ ಕೈ ಹಿಡಿದದ್ದು ಆರಿದ್ರಾ. ಎರಡು ಮೂರು ದಿನ ಬಿಡದೆ ಹೊಡೆದು ನೆಲ ತಣಿದಿರಬೇಕು, ಮರುದಿನ ಬೆಳಿಗ್ಗೆ ಒಂದು ಗಂಟೆ ಜೋರಾಗಿ ಬರಬೇಕು, ನಾಟಿ ಇನ್ನೂ ಆಗಿರಬಾರದು. ನಾಟಿಯಾದರೆ ರೈತರು ಬದು ಕಟ್ಟಿ ನೀರನ್ನು ತಮಗೆ ಬೇಕಾದಂತೆ ತಿರುಗಿಸಿರುತ್ತಾರೆ, ಜಾಡು ಕೆಡುತ್ತದೆ. ಇಂಥ ದಿನ ವರ್ಷಕ್ಕೆ ಎಂಟೋ ಹತ್ತೋ. ಶಿರಸಿ ಘಟ್ಟದ ಕಡೆಯವರಿಗೆ ಇದು ಒಗ್ಗಲಿಕ್ಕಿಲ್ಲ, ಅಲ್ಲಿ ಎಲ್ಲೆಲ್ಲೂ ನೀರೇ. ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ನಮ್ಮಂಥ ಅಂಚಿನ ಊರಿಗೆ ಸರಿ.

ಕೆಳಗಿನ ಗದ್ದೆಯಿಂದ ಮೇಲಕ್ಕೆ ನಡೆಯಬೇಕು. ಮೇಲಿನಿಂದ ಇಳಿದರೆ ಪ್ರತಿ ಕವಲಿನಲ್ಲೂ ದಾರಿ ತಪ್ಪುತ್ತದೆ. ನೀರು ಒಮ್ಮೆಲೇ ಅಗಲವಾಗಿ, ವೇಗ ಕಳೆದುಕೊಂಡು, ಮತ್ತೆ ಒಂದು ಮೂಲೆಯಿಂದ ಬಿರುಸಾಗಿ ಹೊರಟರೆ ಅಲ್ಲಿ ನಿಲ್ಲುತ್ತೇನೆ. ಅಗಲವಾದದ್ದು ಕೆರೆಯಂಗಳ, ಬಿರುಸಾದದ್ದು ಕೋಡಿ. ನಡುವೆ ಏರಿ ಇರಲೇಬೇಕು, ಕರಗಿದ್ದರೂ. ಕೇದಗೆ ಜಾತಿಯ ಮುಂಡಿಗೆಯ ಹಿಂಡಿಲು, ಲಕ್ಕಿ ಗಿಡ, ಹುತ್ತಗಳ ಸಾಲು ಇದ್ದರೆ ಇನ್ನಷ್ಟು ಧೈರ್ಯ. ಮಟ್ಟ ನೋಡಲು ಗಾರೆ ಕೆಲಸದವರ ನೀರಿನ ಪೈಪೇ ಸಾಕು. ಹಳೆಯ ಏರಿ ಯಾವುದು, ಐವತ್ತು ವರ್ಷದ ಹಿಂದಿನ ಒಡ್ಡು ಯಾವುದು ಎಂದು ಹೇಗೆ ಬೇರ್ಪಡಿಸುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಮಣ್ಣಿನ ವಿಷಯ ಅದು, ಅಗಳದ ಪಾಠ ಕಲಿತ ಮೇಲೆ ದಕ್ಕಿದ್ದು. ಪುಸ್ತಕವಾಗುವ ತನಕ ನನ್ನಲ್ಲೇ ಇರಲಿ.

ಜಾಡು ಅಡಿಕೆ ತೋಟದೊಳಗೆ ನುಗ್ಗಿದರೆ ಕಣ್ಣಿಗೆ ಸಿಗುವುದಿಲ್ಲ. ಅದಕ್ಕೆ ಒಂದು ಉಪಾಯ ಮಾಡಿದೆ. ಒಣಗಿದ ಅಡಿಕೆ ಸಿಪ್ಪೆಗೆ ಸುಣ್ಣ ಬಳಿದು, ಒಂದು ಚೀಲ ತುಂಬಿ, ಮೇಲಿನ ಹಳ್ಳದಲ್ಲಿ ತೇಲಿಬಿಟ್ಟೆ. ನಾಯ್ಕರು ಕೆಳಗೆ ಕಾದರು. ಮೊದಲ ಸಲ ಸುಣ್ಣ ತೊಳೆದುಹೋಗಿ ಒಂದೂ ಗುರುತು ಸಿಗಲಿಲ್ಲ. ಎರಡನೇ ಸಲ ಮನೆಯ ಕಿಟಕಿಗೆ ತಂದಿಟ್ಟಿದ್ದ ಹಳದಿ ಪೇಂಟು ಬಳಿದೆ, ಮನೆಯಲ್ಲಿ ಬೈಸಿಕೊಂಡೆ. ಸುಮಾರು ಇನ್ನೂರು ಸಿಪ್ಪೆ ಬಿಟ್ಟಿದ್ದೆ, ಅರ್ಧಕ್ಕಿಂತ ಹೆಚ್ಚು ನಾವು ಕಾಯುತ್ತಿದ್ದ ಹಳ್ಳಕ್ಕೆ ಬರಲೇ ಇಲ್ಲ. ಮೂರನೆಯ ದಿನ ಬೇರೆಯವರ ತೋಟದ ಕಾದಿಗೆಯಲ್ಲಿ (ನೀರು ಬಸಿಯುವ ಕಾಲುವೆಯಲ್ಲಿ) ಹಳದಿ ಹಳದಿಯಾಗಿ ರಾಶಿ ಬಿದ್ದಿದ್ದವು. ಅಲ್ಲಿಗೆ ಕಾಗದದಿಂದ ಮಾಯವಾಗಿದ್ದ ನನ್ನ ಅರ್ಧ ಕಿಲೋಮೀಟರ್ ಹಳ್ಳ ಸಿಕ್ಕಿತು. ತೋಟದ ಯಜಮಾನರಿಗೆ ವಿವರಿಸುವಷ್ಟರಲ್ಲಿ ಎರಡು ಲೋಟ ಚಹ ಮುಗಿದಿತ್ತು.

ಇನ್ನೊಂದು ಪ್ರಯೋಗ ಕಪ್ಪೆಯದು. ಕೆರೆಯಂಗಳದ ಜೇಡಿಮಣ್ಣಿನಲ್ಲಿ ಮಳೆ ನೀರು ಬೇಗ ನಿಲ್ಲುತ್ತದೆ, ಗೋಂಕರು ಕಪ್ಪೆಗಳು ಮೊದಲ ದೊಡ್ಡ ಮಳೆಗೇ ಅಲ್ಲಿ ಸೇರುತ್ತವೆ. ಗಂಡುಗಳು ಅರಿಶಿನ ಬಳಿದಂತೆ ಹಳದಿಯಾಗಿ ರಾತ್ರಿಯಿಡೀ ಕೂಗುತ್ತವೆ. ಕೂಗು ಹಿಡಿದು ಹೋದರೆ ಹೂತುಹೋದ ಕೆರೆ ಸಿಗಬೇಕಲ್ಲವೇ ಎಂಬುದು ನನ್ನ ತರ್ಕ. ಐದು ಕಡೆ ಹೋದೆ, ಮೂರು ಕಡೆ ಸರಿಬಂತು. ನಾಲ್ಕನೆಯದು ಯಾರೋ ಮನೆ ಕಟ್ಟಲು ಚಿರೇಕಲ್ಲು ಕಡಿದ ಹೊಂಡ, ಐದನೆಯದು ಇಟ್ಟಿಗೆ ಭಟ್ಟಿಯವರ ಗುಂಡಿ, ಅದರಲ್ಲಿ ನನ್ನ ಮೊಬೈಲ್ ಬಿತ್ತು. ಹನ್ನೊಂದು ಸಾವಿರದ್ದು. ಕಪ್ಪೆ ವಿಧಾನವನ್ನು ಅಲ್ಲಿಗೆ ಕೈಬಿಟ್ಟೆ.

ಕಾಲಿಗೆ ಹತ್ತಿ ರಕ್ತ ಹೀರುವ ಉಂಬಳಕ್ಕೆ ಹೊಗೆಸೊಪ್ಪು ನೆನೆಸಿದ ನೀರು ಮತ್ತು ಸುಣ್ಣವೇ ಸರಿ, ಪೇಟೆಯ ಎಣ್ಣೆಗಳು ಮಳೆಗೆ ನಿಲ್ಲುವುದಿಲ್ಲ. ಪ್ಲಾಸ್ಟಿಕ್ ಕೋಟು ಒಂದೇ ದಿನಕ್ಕೆ ಮುಳ್ಳಿಗೆ ಹರಿಯಿತು. ನಾಯ್ಕರ ಕಂಬಳಿಕೊಪ್ಪೆಗೆ ಏನೂ ಆಗಲಿಲ್ಲ.

ಎರಡು ಮಳೆಗಾಲದಲ್ಲಿ ನನ್ನ ಲೆಕ್ಕಕ್ಕೆ ಸಿಕ್ಕಿದ್ದು ಹನ್ನೊಂದು ಏರಿ. ಅದರಲ್ಲಿ ಎರಡರ ಬಗ್ಗೆ ನನಗೇ ಅನುಮಾನ. ಆರು ಒಂದೇ ಹಳ್ಳದ ಮೇಲೆ ಸರಪಳಿಯಂತಿವೆ, ಮೇಲಿನದರ ಕೋಡಿ ನೀರು ಕೆಳಗಿನದರ ಅಂಗಳಕ್ಕೆ. ಇವು ಕದಂಬರ ಕಾಲದವು ಎಂದು ನಾನು ಎಲ್ಲಿಯೂ ಹೇಳಿಲ್ಲ, ಹೇಳುವುದೂ ಇಲ್ಲ. ಕದಂಬರಿಗಿಂತ ಎಷ್ಟೋ ಈಚಿನ ಸೋದೆ ಅರಸರ ಕಾಲದವಿರಬಹುದು, ಅದಕ್ಕೂ ಈಚಿನವಿರಬಹುದು. "ನಾಗಶ್ರೀಯ ಕೆರೆ ಸಿಕ್ಕಿತಂತೆ ಹೌದೇ?" ಎಂದು ಊರಿನಲ್ಲಿ ಕೇಳುವವರಿಗೆಲ್ಲ ಇಲ್ಲ ಎಂದು ಹೇಳಿ ಸಾಕಾಗಿದೆ. ಒಂದು ಏರಿಯ ಬುಡದಲ್ಲಿ ವೀರಗಲ್ಲೊಂದು ಬೋರಲಾಗಿ ಬಿದ್ದಿದೆ. ಅದು ಎಲ್ಲಿದೆ ಎಂದು ಬರೆಯುವುದಿಲ್ಲ. ನಿಧಿಗಾಗಿ ಅಗೆಯುವವರಿಗೆ ಓದು ಬರುತ್ತದೆ.

ಖರ್ಚು ಕೇಳುವವರಿಗೆ ನೆನಪಿನ ಲೆಕ್ಕ: ಡ್ರೋನಿನ ಒಂಬತ್ತು, ನಕ್ಷೆ ಮತ್ತು ಟಿಪ್ಪಣಿ ನಕಲಿಗೆ ಮೂರೂವರೆ, ನಾಯ್ಕರಿಗೆ ಹದಿನೆಂಟು, ಪೆಟ್ರೋಲಿಗೆ ಏಳೆಂಟು, ಮೊಬೈಲಿಗೆ ಹನ್ನೊಂದು, ಡಾಕ್ಟರಿಗೆ ಎರಡು. ಐವತ್ತು ಸಾವಿರದ ಆಚೀಚೆ. ಇದರಲ್ಲಿ ನಿಜವಾಗಿ ಕೆಲಸಕ್ಕೆ ಬಂದದ್ದು ನಾಯ್ಕರ ಕೂಲಿ, ಪೆಟ್ರೋಲು, ಮತ್ತು ಲೆಕ್ಕಕ್ಕೇ ಸೇರಿಸದ ಅರ್ಧ ಡಬ್ಬಿ ಪೇಂಟು.

ತೂಬಿನ ಕಲ್ಲಿನ ಕಥೆ ಇಷ್ಟೇ. ಸರಪಳಿಯ ನಾಲ್ಕನೇ ಕೆರೆಯ ಹೂಳನ್ನು ಉದ್ಯೋಗ ಖಾತರಿಯಲ್ಲಿ ತೆಗೆಯುವುದು ಎಂದಾಯಿತು. ನಾನು ಮಳೆಗಾಲದಲ್ಲೇ ಒಂದು ಗೂಟ ಹೊಡೆದು, ತೂಬು ಇಲ್ಲಿರಬೇಕು ಎಂದು ಕಾಗದದಲ್ಲಿ ಬರೆದು ಮೂರು ಜನರ ಸಹಿ ಹಾಕಿಸಿ ಇಟ್ಟಿದ್ದೆ. ನಕ್ಕವರಿಗೆ ಉತ್ತರ ಕೊಡಬೇಕಲ್ಲ! ಏಪ್ರಿಲ್‌ನಲ್ಲಿ ಕೆಲಸ ಶುರುವಾಗಿ ಐದನೇ ದಿನ ಹಾರೆಗೆ ಕಲ್ಲು ತಾಗಿತು. ಮಣ್ಣು ಬಿಡಿಸಿದರೆ ಎರಡು ನಿಲುವುಗಲ್ಲು, ನಡುವೆ ತೂತಿನ ಅಡ್ಡಗಲ್ಲು. ತೂತಿನ ಅಂಚು ಬೆಣಚುಕಲ್ಲಿನಂತೆ ನುಣುಪಾಗಿತ್ತು, ಕೈ ಹಾಕಿದರೆ ಒಳಗೆ ತಣ್ಣನೆಯ ಕೆಸರು. ಬುಟ್ಟಿ ಹೊರುತ್ತಿದ್ದ ಹೆಂಗಸರು ಕೆಲಸ ಬಿಟ್ಟು ಬಂದು ನಿಂತರು, ಒಬ್ಬರು ತಮ್ಮ ಮುಡಿಯ ದಾಸವಾಳವನ್ನು ತೆಗೆದು ಕಲ್ಲಿನ ಮೇಲಿಟ್ಟರು.

ನಾನು ಕಾಗದ ತೆಗೆದು ಎಲ್ಲರಿಗೂ ತೋರಿಸುತ್ತಿದ್ದೆ. ನಾಯ್ಕರು ಮಾತ್ರ ನನ್ನ ಗೂಟದಿಂದ ಕಲ್ಲಿನವರೆಗೆ ಕೈ ಚಾಚಿ ಅಳೆಯುತ್ತಾ ಬಂದು, "ನಾಲ್ಕು ಮಾರು ತಪ್ಪಿದ್ದೀರಿ ಮಾಸ್ತರೇ" ಎಂದರು.