ನನ್ನ ಅಡಿಕೆ ಧಾರಣೆ ಆ್ಯಪ್‌ನಿಂದ ಹೊರಗೆ ಹೋಗುತ್ತಿದ್ದದ್ದು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಶಿರಸಿ ಮಾರುಕಟ್ಟೆಗಳ ಅಡಿಕೆ ಧಾರಣೆ ಒಂದೇ ಕಡೆ ಕಾಣಲಿ ಎಂದು ಒಂದು ಪುಟ್ಟ ಆ್ಯಂಡ್ರಾಯ್ಡ್ ಆ್ಯಪ್ ಮಾಡಿದ್ದೆ. ರಾಶಿ, ಬೆಟ್ಟೆ, ಸರಕು, ಗೊರಬಲು – ಅಡಿಕೆಯ ಈ ಬಗೆಗಳ ಇವತ್ತಿನ ದರ, ನಿನ್ನೆಯ ದರ, ಅಷ್ಟೇ. ಆರು ಸಾವಿರದಷ್ಟು ಜನ ಬಳಸುತ್ತಿದ್ದರು. ಸರ್ವರ್ ಬಾಡಿಗೆ ಹುಟ್ಟಲಿ ಎಂದು ಜಾಹೀರಾತು ಕಂಪನಿಯೊಂದರ ಎಸ್‌ಡಿಕೆ ಸೇರಿಸಿದೆ. ಎಸ್‌ಡಿಕೆ ಅಂದರೆ ಅವರೇ ಬರೆದುಕೊಡುವ ಸಿದ್ಧ ಕೋಡ್. ನಾಲ್ಕು ಸಾಲು ಅಂಟಿಸಿದರೆ ಕೆಲಸ ಮುಗಿಯಿತು. ಒಳಗೇನಿದೆ ಎಂದು ನೋಡಲಿಲ್ಲ.

ವರ್ಷದ ಮೇಲೆ ಇನ್ನೊಂದು ಕಂಪನಿಯಿಂದ ಇಮೇಲ್ ಬಂತು. ಜಾಹೀರಾತು ತೋರಿಸುವುದೂ ಬೇಡ, ನಮ್ಮ ಕೋಡ್ ಸೇರಿಸಿ, ಲೊಕೇಶನ್ ಕೊಡುವ ಬಳಕೆದಾರರ ತಲೆ ಎಣಿಸಿ ತಿಂಗಳು ತಿಂಗಳು ಡಾಲರ್ ಕೊಡುತ್ತೇವೆ ಎಂದಿತ್ತು. ಆಗ ಯೋಚನೆ ಹತ್ತಿತು. ಕೃಷಿಕರು ಎಲ್ಲಿದ್ದಾರೆ ಎಂಬುದಕ್ಕೇ ದುಡ್ಡು ಸಿಗುವುದಾದರೆ, ಈಗಾಗಲೇ ನನ್ನ ಆ್ಯಪ್‌ನಲ್ಲಿ ಕೂತಿರುವ ಕೋಡ್ ಏನು ಕಳಿಸುತ್ತಿದೆ?

ಮೊದಲು ಆ್ಯಪ್ ಕಟ್ಟುವ ತಂತ್ರಾಂಶ ಆ್ಯಂಡ್ರಾಯ್ಡ್ ಸ್ಟುಡಿಯೋದಲ್ಲಿ ಮರ್ಜ್ಡ್ ಮ್ಯಾನಿಫೆಸ್ಟ್ ತೆರೆದೆ. ನನ್ನ ಕೋಡ್, ಪರರ ಕೋಡ್ ಎಲ್ಲ ಸೇರಿ ಆ್ಯಪ್ ಕೇಳುವ ಅನುಮತಿಗಳ ಪಟ್ಟಿ ಅದರಲ್ಲಿರುತ್ತದೆ. ನಾನು ಬರೆದಿದ್ದ ಅನುಮತಿಗಳು ಎರಡು: ಇಂಟರ್ನೆಟ್, ಮತ್ತು ಹತ್ತಿರದ ಮಾರುಕಟ್ಟೆ ಮೊದಲು ಕಾಣಲಿ ಎಂದು ಲೊಕೇಶನ್. ಅಲ್ಲಿ ನಾನು ಬರೆಯದವೂ ಇದ್ದವು: ಜಾಹೀರಾತು ಐಡಿ (ಜಾಹೀರಾತಿಗಾಗಿ ಫೋನಿಗೆ ಕೊಟ್ಟಿರುವ ಗುರುತು), ವೈಫೈ ಸ್ಥಿತಿ. ಎಸ್‌ಡಿಕೆ ತನಗೆ ಬೇಕಾದ್ದನ್ನು ತಾನೇ ಸೇರಿಸಿಕೊಂಡಿತ್ತು.

ಆಮೇಲೆ ಲ್ಯಾಪ್‌ಟಾಪ್‌ನಲ್ಲಿ, ನಡುವೆ ನಿಂತು ಇಂಟರ್ನೆಟ್ ಸಂಚಾರವನ್ನು ಬಿಡಿಸಿ ತೋರಿಸುವ ಮಿಟ್ಮ್‌ಪ್ರಾಕ್ಸಿ ಎಂಬ ತಂತ್ರಾಂಶ ಹಾಕಿ, ಫೋನಿನಿಂದ ಹೋಗುವುದೆಲ್ಲ ಅದರ ಮೂಲಕ ಹೋಗುವಂತೆ ಮಾಡಿದೆ. ಗೂಢಲಿಪಿಯಲ್ಲಿ ಹೋಗುವುದನ್ನು ಬಿಡಿಸಿ ಓದಲು ಅದರ ಸರ್ಟಿಫಿಕೇಟನ್ನು, ಅಂದರೆ ಡಿಜಿಟಲ್ ಗುರುತಿನ ಪತ್ರವನ್ನು, ಆ್ಯಪ್ ನಂಬಬೇಕು. ಆ್ಯಂಡ್ರಾಯ್ಡ್ 7ರಿಂದೀಚೆಗೆ ನಾವು ಹಾಕಿದ ಸರ್ಟಿಫಿಕೇಟನ್ನು ಆ್ಯಪ್‌ಗಳು ತಾವಾಗಿ ನಂಬುವುದಿಲ್ಲ. ಆ್ಯಪ್ ನನ್ನದೇ ಆದ್ದರಿಂದ ಡೀಬಗ್ ಬಿಲ್ಡ್‌ನಲ್ಲಿ (ಪರೀಕ್ಷೆಗೆಂದು ಕಟ್ಟುವ ಆವೃತ್ತಿಯಲ್ಲಿ) ನಂಬುವಂತೆ ಬದಲಿಸಿ, ಚಿಕ್ಕಪ್ಪನ ಫೋನಿಗೆ ಹಾಕಿದೆ. ಅವರು ದಿನಾ ಬಳಸುವ ಫೋನಿನಲ್ಲೇ ನೋಡಬೇಕಿತ್ತು.

ಧಾರಣೆ ತರಲು ನನ್ನ ಸರ್ವರ್‌ಗೆ ಒಂದೇ ಒಂದು ಕೋರಿಕೆ ಹೋಯಿತು. ಉಳಿದವೆಲ್ಲ ನನಗೆ ಗೊತ್ತಿಲ್ಲದ ವಿಳಾಸಗಳಿಗೆ. ಬಿಡಿಸಿ ಓದಿದರೆ 36 ಅಕ್ಷರಗಳ ಜಾಹೀರಾತು ಐಡಿ, ಫೋನಿನ ಮಾದರಿ, ಸಿಮ್ ಯಾವ ಕಂಪನಿಯದು, ಭಾಷೆ ಕನ್ನಡ, ಬ್ಯಾಟರಿ ಎಷ್ಟಿದೆ, ವೈಫೈ ರೌಟರ್‌ನ ಗುರುತು ಸಂಖ್ಯೆ. ಜೊತೆಗೆ ಅಕ್ಷಾಂಶ, ರೇಖಾಂಶ, ದಶಾಂಶದ ಐದನೇ ಸ್ಥಾನದವರೆಗೆ. ಐದನೇ ಸ್ಥಾನ ಅಂದರೆ ಸುಮಾರು ಒಂದು ಮೀಟರ್ ಲೆಕ್ಕ. ನನ್ನನ್ನು ನಂಬಿ ಕೊಟ್ಟ ಅನುಮತಿಯನ್ನು ನನ್ನ ಆ್ಯಪ್‌ನೊಳಗಿನ ಪರರ ಕೋಡೂ ಬಳಸುತ್ತಿತ್ತು. ಆ್ಯಂಡ್ರಾಯ್ಡ್ ಅನುಮತಿ ಕೊಡುವುದು ಇಡೀ ಆ್ಯಪ್‌ಗೆ. ಯಾವ ಸಾಲು ಯಾರದ್ದು ಎಂದು ಅದು ಕೇಳುವುದಿಲ್ಲ.

ಚಿಕ್ಕಪ್ಪ ಪರದೆ ನೋಡಿ, "ಅಡಿಕೆ ರೇಟ್ ನೋಡಕ್ಕೆ ನಾನೆಲ್ಲಿ ಕೂತಿದೀನಿ ಅಂತ ಅವರಿಗ್ಯಾಕೋ ಮಾರಾಯ? ನೀನೇ ಕೊಟ್ಟಿದ್ದಾ?" ಎಂದರು.

"ಹೌದು ಚಿಕ್ಕಪ್ಪ, ನಾನೇ."

ಹಣ ಹುಟ್ಟುವ ಬಗೆ ಅವರಿಗೆ ಮಂಡಿಯ ಮಾತಲ್ಲೇ ಹೇಳಿದೆ. ಮಂಡಿಯಲ್ಲಿ ಟೆಂಡರ್ ಗೆದ್ದವನು ಚೀಲ ಒಯ್ಯುತ್ತಾನೆ, ಸೋತವರು ಬರಿಗೈಲಿ ಹೋಗುತ್ತಾರೆ, ದುಡ್ಡು ಬೆಳೆದವನಿಗೆ ಬರುತ್ತದೆ. ಆ್ಯಪ್ ತೆರೆದಾಗಲೂ ಹರಾಜು ನಡೆಯುತ್ತದೆ, ಕಣ್ಣು ಮಿಟುಕಿಸುವುದರೊಳಗೆ. ಫೋನಿನ ಈ ವಿವರಗಳನ್ನು ಹತ್ತಾರು ಕಂಪನಿಗಳಿಗೆ ತೋರಿಸಿ, ಈ ಮನುಷ್ಯನಿಗೆ ಜಾಹೀರಾತು ತೋರಿಸಲು ಎಷ್ಟು ಕೊಡುತ್ತೀರಿ ಎಂದು ಕೇಳುತ್ತಾರೆ. ಇಲ್ಲಿ ಸೋತವರೂ ಬರಿಗೈಲಿ ಹೋಗುವುದಿಲ್ಲ, ವಿವರ ಅವರ ಕೈಗೂ ಸಿಕ್ಕಿರುತ್ತದೆ. ಗೂಗಲ್‌ನ ಮಾತೃಸಂಸ್ಥೆ ಆಲ್ಫಾಬೆಟ್‌ಗೆ 2023ರಲ್ಲಿ ಬಂದ ಆದಾಯ 30,700 ಕೋಟಿ ಡಾಲರ್ ಮೀರಿತ್ತು, ಅದರಲ್ಲಿ ಮುಕ್ಕಾಲಿಗಿಂತ ಹೆಚ್ಚು ಜಾಹೀರಾತಿನದು. ನನ್ನ ಪಾಲಿಗೆ ಬಂದದ್ದು ತಿಂಗಳಿಗೆ ನಾಲ್ಕು ಸಾವಿರ ರೂಪಾಯಿ, ಅಂದರೆ ಒಬ್ಬ ಬಳಕೆದಾರನಿಗೆ ಒಂದು ರೂಪಾಯಿಯೂ ಇಲ್ಲ. ಚಿಕ್ಕಪ್ಪನಿಗೆ ಏನೂ ಇಲ್ಲ.

ರೌಟರ್ ಸಂಖ್ಯೆ ಯಾಕೆ ಎಂಬುದು ಆಮೇಲೆ ತಿಳಿಯಿತು. ರೌಟರ್ ಕೂತ ಜಾಗ ಬಿಟ್ಟು ಹೋಗುವುದಿಲ್ಲ. ಅದರ ಹತ್ತಿರ ಒಬ್ಬರು ಲೊಕೇಶನ್ ಕೊಟ್ಟರೆ ಸಾಕು, ಅದೇ ರೌಟರ್ ಕಾಣುವ ಉಳಿದ ಫೋನುಗಳ ಜಾಗವೂ ಗೊತ್ತಾಗುತ್ತದೆ. ನಮ್ಮ ಬೆಂಗಳೂರಿನ ಜಾಹೀರಾತು ಕಂಪನಿ ಇನ್‌ಮೊಬಿ ಇದೇ ದಾರಿಯಲ್ಲಿ ಒಪ್ಪಿಗೆ ಕೊಡದವರ ಜಾಗವನ್ನೂ ಪತ್ತೆ ಮಾಡುತ್ತಿದೆ ಎಂದು ಅಮೆರಿಕದ ಗ್ರಾಹಕ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತ್ತು. 2016ರಲ್ಲಿ ಇನ್‌ಮೊಬಿ 9,50,000 ಡಾಲರ್ ದಂಡ ಕಟ್ಟಲು ಒಪ್ಪಿತು. ಈಗಿನ ಆ್ಯಂಡ್ರಾಯ್ಡ್‌ನಲ್ಲಿ ಲೊಕೇಶನ್ ಅನುಮತಿ ಇಲ್ಲದೆ ಆ್ಯಪ್‌ಗೆ ಆ ಸಂಖ್ಯೆ ಸಿಗುವುದಿಲ್ಲ. ಆದರೆ ನನ್ನ ಆ್ಯಪ್‌ಗೆ ಅನುಮತಿ ಇತ್ತಲ್ಲ.

ಎಸ್‌ಡಿಕೆ ಕಿತ್ತುಹಾಕಿದೆ. ಲೊಕೇಶನ್ ಕೇಳುವುದನ್ನೂ ಬಿಟ್ಟೆ. ಬಳಕೆದಾರರು ತಾಲ್ಲೂಕು ಒಮ್ಮೆ ಆರಿಸಿದರೆ ಅದು ಫೋನಿನಲ್ಲೇ ಉಳಿಯುತ್ತದೆ. ಮೊದಲೇ ಹೀಗೆ ಮಾಡಬಹುದಿತ್ತು. ಚಿಕ್ಕಪ್ಪನ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಗೂಗಲ್, ಅದರೊಳಗೆ ಆಡ್ಸ್‌ಗೆ ಹೋಗಿ ಜಾಹೀರಾತು ಐಡಿ ಅಳಿಸಿದೆ. ಅಳಿಸಿದ ಮೇಲೆ ಆ ಐಡಿ ಕೇಳುವ ಆ್ಯಪ್‌ಗಳಿಗೆ ಸೊನ್ನೆಗಳ ಸಾಲು ಮಾತ್ರ ಸಿಗುತ್ತದೆ. ಪ್ಲೇ ಸ್ಟೋರ್‌ನ ಡೇಟಾ ಸುರಕ್ಷತೆ ವಿಭಾಗವನ್ನೂ ತಿದ್ದಿದೆ. ಅದನ್ನು ತುಂಬುವವರು ಆ್ಯಪ್ ಮಾಡಿದವರೇ. ಯಾರೊಂದಿಗೂ ಮಾಹಿತಿ ಹಂಚಿಕೊಳ್ಳುವುದಿಲ್ಲ ಎಂದು ಅಲ್ಲಿ ಬರೆದಿದ್ದವನೂ ನಾನೇ.

ಈಗ ತೀರ್ಥಹಳ್ಳಿಯ ಸ್ಪ್ರೇಯರ್ ಅಂಗಡಿಯೊಂದು ತಿಂಗಳಿಗೆ ಸಾವಿರದ ಐನೂರು ಕೊಟ್ಟು ಜಾಹೀರಾತು ಹಾಕುತ್ತದೆ. ಅದು ಬರೀ ಒಂದು ಚಿತ್ರ, ಎಲ್ಲರಿಗೂ ಒಂದೇ. ಸರ್ವರ್ ಬಾಡಿಗೆಗೆ ಇನ್ನೂ ಕೈಯಿಂದ ಹಾಕುತ್ತೇನೆ. ಹಳೆಯ ಆವೃತ್ತಿ ಮುನ್ನೂರಕ್ಕೂ ಹೆಚ್ಚು ಫೋನುಗಳಲ್ಲಿ ಉಳಿದಿದೆ. ಅವರಿಗೆ ಧಾರಣೆಯ ಪಟ್ಟಿಯ ಮೇಲೆ ದಪ್ಪ ಅಕ್ಷರದಲ್ಲಿ ಅಪ್‌ಡೇಟ್ ಮಾಡಿ ಎಂದು ತೋರಿಸುತ್ತಿದ್ದೇನೆ. ಪ್ರತಿ ಸೋಮವಾರ ಎಣಿಕೆ ನೋಡುತ್ತೇನೆ. ಹೋದ ವಾರ ಹನ್ನೊಂದು ಇಳಿಯಿತು.