ಬುರುಡೆ ಆಪರೇಷನ್ ಆದವರನ್ನು ಮನೆಯಲ್ಲಿ ನೋಡಿಕೊಳ್ಳುವುದು ಹೇಗೆ?

ಬೈಕಿನಿಂದ ಬಿದ್ದು ತಲೆಗೆ ಜೋರು ಪೆಟ್ಟಾದರೆ ಮಿದುಳು ಊದಿಕೊಳ್ಳಬಹುದು. ಬುರುಡೆಯೊಳಗೆ ಊದಲು ಜಾಗವೆಲ್ಲಿ? ಅದಕ್ಕೇ ಡಾಕ್ಟರು ಬುರುಡೆಯ ಒಂದು ತುಂಡು ತೆಗೆದು ಒತ್ತಡ ಇಳಿಸುತ್ತಾರೆ. ಐಸಿಯು ಹೊರಗೆ ಕೂತವರ ಪ್ರಶ್ನೆ ಒಂದೇ: ‘ಮೊದಲಿನ ಹಾಗೆ ಆಗ್ತಾರಾ ಸಾರ್?’

2016ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಈ ಆಪರೇಷನ್ ಆದ ನೂರು ಮಂದಿಯಲ್ಲಿ 6 ತಿಂಗಳೊಳಗೆ ತೀರಿಕೊಂಡವರು ಸುಮಾರು 27. ಔಷಧಿಯಲ್ಲಿ ಮುಂದುವರಿಸಿದ ಗುಂಪಿನಲ್ಲಿ 49. ಆದರೆ ಆಪರೇಷನ್ ಆಗಿ ಬದುಕಿದವರಲ್ಲಿ ಇನ್ನೊಬ್ಬರ ಆಸರೆ ಬೇಕಾದವರೂ ಜಾಸ್ತಿ ಇದ್ದರು. ಜೀವ ಉಳಿಯುವುದು ಬೇರೆ, ಚೇತರಿಕೆ ಬೇರೆ.

ಚೇತರಿಕೆ ಎಷ್ಟಾಗಬಹುದು ಎಂಬ ಅಂದಾಜಿಗೆ ಮೊದಲು ಡಾಕ್ಟರ ಹತ್ತಿರ ಇಷ್ಟು ಕೇಳಿ: ಆಸ್ಪತ್ರೆಗೆ ಬಂದಾಗ ಜಿಸಿಎಸ್ ಎಷ್ಟಿತ್ತು? ಕಣ್ಣಿಗೆ ಟಾರ್ಚ್ ಬಿಟ್ಟಾಗ ಪಾಪೆ ಕುಗ್ಗುತ್ತಿತ್ತಾ? ಬಿಪಿ, ಆಕ್ಸಿಜನ್ ಕುಸಿದಿತ್ತಾ? ಜಿಸಿಎಸ್ ಅಂದರೆ ಎಚ್ಚರದ ಅಂಕ, 3ರಿಂದ 15. ಎಂಟು ಅಥವಾ ಕಮ್ಮಿ ಇದ್ದರೆ ಪೆಟ್ಟು ತೀವ್ರ. ಇದರ ಜೊತೆ ವಯಸ್ಸೂ ಲೆಕ್ಕಕ್ಕೆ ಬರುತ್ತದೆ. ಇವು ಯಾವುವೂ ಈಗ ನಮ್ಮ ಕೈಯಲ್ಲಿಲ್ಲ. ಕೈಯಲ್ಲಿರುವುದು ಮನೆಯ ಆರೈಕೆ.

ತೆಗೆದ ಮೂಳೆ ಎಲ್ಲಿದೆ ಎಂದು ತಿಳಿದುಕೊಳ್ಳಿ. ಕೆಲವು ಕಡೆ ಹೊಟ್ಟೆಯ ಚರ್ಮದ ಕೆಳಗೇ ಇಟ್ಟಿರುತ್ತಾರೆ, ಕೆಲವು ಕಡೆ ಡೀಪ್ ಫ್ರೀಜರ್‌ನಲ್ಲಿ. ಅದನ್ನು ಮತ್ತೆ ಕೂರಿಸುವವರೆಗೆ ತಲೆಯ ಮೂಳೆ ತೆಗೆದ ಬದಿಗೆ ಮಲಗಿಸಬೇಡಿ. ಎದ್ದು ಓಡಾಡುವಾಗ ಹೆಲ್ಮೆಟ್ ಬೇಕು. ಆ ಜಾಗವನ್ನು ದಿನಾ ನೋಡಿ. ಬಿಗಿಯಾಗಿ ಉಬ್ಬಿ, ವಾಂತಿ, ಮಂಪರು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಗುಳಿ ಬಿದ್ದು ಮಾತು ತೊದಲಿದರೆ, ಕೈ ಸೋತರೆ ಅದನ್ನೂ ಹೇಳಿ. ಮೂಳೆ ಕೂರಿಸಿದ ಮೇಲೆ ಕೆಲವರಿಗೆ ಇದು ಸುಧಾರಿಸುತ್ತದೆ.

ಫಿಟ್ಸ್ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಫಿಟ್ಸ್ ಬಂದರೆ ತಲೆಯ ಮೂಳೆ ತೆಗೆಯದ ಬದಿಗೆ ಹೊರಳಿಸಿ. ಕೈಗೆ ಬೀಗದ ಕೈ, ಬಾಯಿಗೆ ಚಮಚ ಯಾವುದೂ ಬೇಡ. ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ.

ಹಾಸಿಗೆಯಲ್ಲೇ ಇರುವವರನ್ನು ಎರಡು ಗಂಟೆಗೊಮ್ಮೆ ಹೊರಳಿಸಿ. ನುಂಗಲು ಬರುತ್ತದೆ ಎಂದು ಡಾಕ್ಟರು ಹೇಳುವ ತನಕ ಬಾಯಿಗೆ ಗಂಜಿಯನ್ನೂ ಹಾಕಬೇಡಿ; ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. ಫಿಸಿಯೋಥೆರಪಿ ತಪ್ಪಿಸಬೇಡಿ.

ಸುಮ್ನೆ ಸಿಟ್ಟು, ಮರೆವು, ಮಂಕು ಕೂಡ ಪೆಟ್ಟಿನದೇ ಕೆಲಸ, ಸೊಕ್ಕಲ್ಲ. ಯಾವಾಗ ಬಂತು, ಎಷ್ಟು ಹೊತ್ತು ಇತ್ತು ಅಂತ ಪುಸ್ತಕದಲ್ಲಿ ಬರೆದಿಡಿ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಸ್ಕ್ಯಾನ್ ಜೊತೆ ಅದೂ ಚೀಲದಲ್ಲಿರಲಿ.